ಕಾರವಾರದ ಗೋಡೆಗೆ ಬಿರ್ಲಾ ವೈಟ್ ಪುಟ್ಟಿ: ಎಲ್ಲಿ ಹಿಡಿಯುತ್ತದೆ, ಎಲ್ಲಿ ಏಳುತ್ತದೆ

ಮಲಗುವ ಕೋಣೆಗೆ ತಾವೇ ಬಣ್ಣ ಹೊಡೆಯಬೇಕೆಂದು ಹೊರಟವರು ಅಂಗಡಿಯಲ್ಲಿ ಅರ್ಧ ದಿನ ಶೇಡ್ ಕಾರ್ಡ್ ತಿರುವುತ್ತಾರೆ, ಬಣ್ಣಕ್ಕೆ ಮೊದಲು ಗೋಡೆ ನಯಮಾಡಲು ಬಳಿಯುವ ಪುಟ್ಟಿಯನ್ನು ಮಾತ್ರ 'ಯಾವುದಾದರೂ ಒಂದು ಚೀಲ ಕೊಡಿ' ಎಂದು ತರುತ್ತಾರೆ. ಕಾರವಾರ, ಅಂಕೋಲಾ, ಕುಮಟಾ ಕಡೆಯ ಉಪ್ಪುಗಾಳಿಗೆ, ಮಳೆಗಾಲದ ಥಂಡಿಗೆ ಬಣ್ಣ ಎಷ್ಟು ಕಾಲ ತಾಳುತ್ತದೆ ಎಂಬುದು ಆ ಚೀಲದ ಮೇಲೇ ನಿಂತಿದೆ. ಬಿರ್ಲಾ ವೈಟ್ ವಾಲ್‌ಕೇರ್ ಪುಟ್ಟಿ ಈ ಕೆಲಸಕ್ಕೆ ಒಳ್ಳೆಯ ಮಾಲು. ಗೋಡೆ ಒಣಗಿರಬೇಕು ಎಂಬುದೊಂದೇ ಷರತ್ತು.

ಡಬ್ಬಿಯಲ್ಲಿ ಸಿದ್ಧವಾಗಿ ಬರುವ ಅಕ್ರಿಲಿಕ್ ಪುಟ್ಟಿ ಬಳಸಲು ಸುಲಭ, ಉಜ್ಜಲೂ ಸುಲಭ. ಆದರೆ ಅದು ನೀರು ಆರಿದ್ದಕ್ಕಷ್ಟೇ ಗಟ್ಟಿಯಾಗುತ್ತದೆ. ಗೋಡೆಗೆ ಪಸೆ ಬಂದರೆ ಮತ್ತೆ ಮೆತ್ತಗಾಗಿ ಬಣ್ಣವನ್ನೂ ಎಬ್ಬಿಸುತ್ತದೆ. ಬಿರ್ಲಾ ವೈಟ್‌ನ ಪುಡಿಯಲ್ಲಿ ಬಿಳಿ ಸಿಮೆಂಟ್ ಮತ್ತು ಪಾಲಿಮರ್ ಇವೆ. ಸಿಮೆಂಟು ನೀರಿನೊಂದಿಗೆ ಸೇರಿ ಕಟ್ಟಿಕೊಳ್ಳುವುದರಿಂದ, ಒಮ್ಮೆ ಗಟ್ಟಿಯಾದದ್ದು ಮತ್ತೆ ಕರಗುವುದಿಲ್ಲ. ಕರಾವಳಿಗೆ ಇದೇ ಸರಿ. ಅಕ್ರಿಲಿಕ್ ಪುಟ್ಟಿ ಮೊಳೆ ತೂತು ಮುಚ್ಚಲು ಇರಲಿ.

ಹಾಗಂತ ಇದು ವಾಟರ್‌ಪ್ರೂಫಿಂಗ್ ಅಲ್ಲ. ಚಿರೆಕಲ್ಲಿನ ಗೋಡೆ ಹೊರಗಿನಿಂದ ಮಳೆನೀರು ಕುಡಿಯುತ್ತಿದ್ದರೆ, ಅಥವಾ ಪ್ಲಾಸ್ಟರಿಗೆ ಉಪ್ಪಿನಂಶದ ಮರಳು ಹಾಕಿದ್ದರೆ, ಎಂಥ ಪುಟ್ಟಿಯೂ ಹಪ್ಪಳದಂತೆ ಏಳುತ್ತದೆ. ಕೆಲಸ ಶುರುಮಾಡುವ ಮೊದಲು ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು, ನಾಲ್ಕೂ ಅಂಚಿಗೆ ಟೇಪ್ ಒತ್ತಿ 24 ಗಂಟೆ ಬಿಡಿ. ಗೋಡೆಯ ಕಡೆಯ ಮೈಯಲ್ಲಿ ನೀರಿನ ಹನಿ ಕಂಡರೆ ಪುಟ್ಟಿಯ ಮಾತು ಬೇಡ, ಮೊದಲು ನೀರು ಬರುವ ದಾರಿ ಹುಡುಕಿ. ಗೋಡೆಯ ಮೇಲೆ ಬಿಳಿ ಉಪ್ಪು ಹೊಡೆದಿದ್ದರೆ ಒಣ ಬ್ರಷ್‌ನಿಂದ ಉಜ್ಜಿ ತೆಗೆಯಬೇಕು. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಒಳಕ್ಕೇ ಹೋಗುತ್ತದೆ. ಹಳೆಯ ಸುಣ್ಣ, ಡಿಸ್ಟೆಂಪರ್ ಇದ್ದರೆ ಅಂಗೈಗೆ ಪುಡಿ ಹತ್ತದವರೆಗೆ ಕೆರೆಯಲೇಬೇಕು. ಪುಟ್ಟಿ ಸುಣ್ಣಕ್ಕೆ ಅಂಟಿಕೊಂಡು ಸುಣ್ಣದ ಜೊತೆಗೇ ಉದುರುತ್ತದೆ.

ಈಗ ಲೆಕ್ಕ. 10×12 ಅಡಿಯ ಕೋಣೆ, 10 ಅಡಿ ಎತ್ತರ ಎಂದರೆ ಬಾಗಿಲು, ಎರಡು ಕಿಟಕಿ ಕಳೆದು ಗೋಡೆ ಸುಮಾರು 390 ಚದರ ಅಡಿ. ಎರಡು ಕೋಟು ಬಳಿಯಲು ಕೆ.ಜಿ.ಗೆ 20 ಚದರ ಅಡಿ ಎಂಬ ಕಂಪನಿ ಲೆಕ್ಕ ನಯವಾದ ಗೋಡೆಗೆ ಸರಿ. ನಮ್ಮ ಕಡೆಯ ಒರಟು ಪ್ಲಾಸ್ಟರಿಗೆ 13 ಎಂದು ಹಿಡಿಯಿರಿ, 30 ಕೆ.ಜಿ. ಬೇಕಾಗುತ್ತದೆ. 40 ಕೆ.ಜಿ.ಯ ಒಂದು ಚೀಲದಲ್ಲಿ ಮೇಲ್ಛಾವಣಿಯ ಒಳಮೈಯೂ ಮುಗಿಯಬಹುದು. ಕೊಳ್ಳುವಾಗ ಚೀಲದ ಮೂಲೆಗಳನ್ನು ಒತ್ತಿ ನೋಡಿ, ಗಂಟು ಸಿಕ್ಕರೆ ಬಿಡಿ. ಗಂಟು ಕಟ್ಟಿದ ಪುಡಿಯನ್ನು ಜರಡಿ ಹಿಡಿದರೂ ಪ್ರಯೋಜನವಿಲ್ಲ, ಆ ಸಿಮೆಂಟಿನ ಕಸುವು ಆಗಲೇ ಮುಗಿದಿರುತ್ತದೆ.

ಕಲಸುವಾಗ ಕೆ.ಜಿ. ಪುಡಿಗೆ 360ರಿಂದ 380 ಮಿ.ಲೀ. ನೀರು. ಹೊಸಬರು ಕೆಡಿಸುವುದೇ ಇಲ್ಲಿ: ಎಳೆಯಲು ಸುಲಭವಾಗಲೆಂದು ನೀರು ಹೆಚ್ಚು ಹಾಕುತ್ತಾರೆ, ಒಣಗಿದ ಮೇಲೆ ಮುಟ್ಟಿದರೆ ಪುಡಿ ಬರುತ್ತದೆ. ಹತ್ತು ನಿಮಿಷ ಚೆನ್ನಾಗಿ ತಿರುವಿ. ಪುಟ್ಟಿ ಬಳಿಯುವ ಅಗಲದ ಬ್ಲೇಡ್ ಓರೆ ಹಿಡಿದರೂ ಅದರ ಮೇಲಿನ ಪುಟ್ಟಿ ಜಾರಬಾರದು. ಮೂರು ಗಂಟೆಯಲ್ಲಿ ಮುಗಿಯುವಷ್ಟೇ, ಅಂದರೆ ಒಬ್ಬರೇ ಇದ್ದರೆ 3 ಕೆ.ಜಿ.ಯಂತೆ ಕಲಸಿ. ಬಿಗಿದುಕೊಂಡದ್ದಕ್ಕೆ ಮತ್ತೆ ನೀರು ಸೇರಿಸಬೇಡಿ, ಚೆಲ್ಲಿ.

ಒಣಗಿದ ಗೋಡೆಗೂ ಬಳಿಯುವ ಮುಂಚೆ ಮೇಲ್ಮೈಗಷ್ಟೇ ಸ್ವಲ್ಪ ನೀರು ಚಿಮುಕಿಸಿ. ತೀರಾ ಒಣ ಪ್ಲಾಸ್ಟರ್ ಪುಟ್ಟಿಯ ನೀರನ್ನೆಲ್ಲ ಎಳೆದುಕೊಂಡರೆ ಸಿಮೆಂಟು ಕಟ್ಟಿಕೊಳ್ಳುವುದೇ ಇಲ್ಲ. ಬ್ಲೇಡನ್ನು ಕೆಳಗಿನಿಂದ ಮೇಲಕ್ಕೆ ಒತ್ತಿ ಎಳೆಯಿರಿ. ಮೊದಲ ಕೋಟು ಒಣಗಿದ ಮೇಲೆ ಎರಡನೆಯದು. ಎರಡೂ ಸೇರಿ ಒಂದೂವರೆ ಮಿ.ಮೀ. ದಾಟಬಾರದು, ದಪ್ಪವಾದರೆ ಕೂದಲೆಳೆಯ ಬಿರುಕು ಖಂಡಿತ. ಆಳವಾದ ಗುಂಡಿಯಿದ್ದರೆ ಮೊದಲು ಸಿಮೆಂಟ್–ಮರಳಿನ ಗಾರೆಯಿಂದಲೇ ತುಂಬಿ.

ಒಂದು ರಾತ್ರಿ ಬಿಟ್ಟು ಉಜ್ಜಬೇಕು. ಕೋಣೆಯ ದೀಪ ಆರಿಸಿ ಟಾರ್ಚನ್ನು ಗೋಡೆಗೆ ತಾಗಿಸಿದಂತೆ ಹಿಡಿಯಿರಿ. ಹಗಲಲ್ಲಿ ಕಾಣದ ಬ್ಲೇಡಿನ ಗೆರೆಗಳೆಲ್ಲ ನೆರಳು ಚೆಲ್ಲಿ ಎದ್ದು ಕಾಣುತ್ತವೆ. ಏಣುಗಳಿಗೆ 180 ನಂಬರಿನ ಎಮರಿ ಪೇಪರ್, ಕೊನೆಗೆ 320. ಮಾಸ್ಕ್ ಇಲ್ಲದೆ ಉಜ್ಜಲೇಬೇಡಿ. ಧೂಳನ್ನು ಪೂರ್ತಿ ಒರೆಸಿ ಬಣ್ಣ ಹಿಡಿಯಲು ಅಡಿಗೆ ಬಳಿಯುವ ವಾಟರ್ ಪ್ರೈಮರ್ ಒಂದು ಕೋಟು, ಅದರ ಮೇಲೆ ಎಮಲ್ಶನ್ ಬಣ್ಣ ಎರಡು ಕೋಟು. ಈ ಕೋಣೆಯ ಗೋಡೆಗೆ ಪ್ರೈಮರ್ 4 ಲೀಟರ್, ಎಮಲ್ಶನ್ 4 ಲೀಟರ್ ಸಾಕು. ಪುಟ್ಟಿ ಇದ್ದರೆ ಪ್ರೈಮರ್ ಬೇಡ ಎನ್ನುವವರಿದ್ದಾರೆ. ಈ ಹವೆಯಲ್ಲಿ ಅದನ್ನು ಬಿಡುವುದು ಸರಿಯಲ್ಲ.

ನಮ್ಮಲ್ಲಿ ಚೌತಿಗೆ ಮುಂಚೆ ಮನೆಗೆ ಬಣ್ಣ ಆಗಬೇಕೆಂಬ ಆಸೆ ಸಹಜ. ಆದರೆ ಅದು ಗೋಡೆ ಅತಿ ಹೆಚ್ಚು ಒದ್ದೆಯಾಗಿರುವ ಕಾಲ. ಪುಟ್ಟಿ ಕೆಲಸವನ್ನು ಜನವರಿಯಿಂದ ಏಪ್ರಿಲ್ ಒಳಗೆ ಮುಗಿಸಿಕೊಂಡು, ಚೌತಿಗೆ ಒರೆಸಿ ಚೊಕ್ಕ ಮಾಡಿದರಾಯಿತು. ಶಿರಸಿ ಕಡೆಯ ಹಳೆಯ ಮಣ್ಣಿನ ಗೋಡೆಯವರು ಮಾತ್ರ ಈ ಚೀಲವನ್ನು ತರಲೇಬೇಡಿ. ಮಣ್ಣಿನ ಮೇಲೆ ಸಿಮೆಂಟಿನ ಪದರ ನಿಲ್ಲುವುದಿಲ್ಲ, ಒಳಗಿನ ಪಸೆ ಹೊರಹೋಗಲೂ ಬಿಡುವುದಿಲ್ಲ; ಆ ಗೋಡೆಗೆ ವರ್ಷಕ್ಕೊಮ್ಮೆ ಸುಣ್ಣವೇ ಸರಿ.