ಪಾಪರ್‌ನಲ್ಲಿ ಹಸಿರು ಸ್ಟಾಂಪಿ ಡೆಕ್: ತುಮಕೂರಿನ ಬಳಕೆದಾರನೊಬ್ಬನ ದೀರ್ಘಾವಧಿ ವಿಮರ್ಶೆ

ಮ್ಯಾಜಿಕ್: ದ ಗ್ಯಾದರಿಂಗ್ ಎಂಬ ಕಾರ್ಡಾಟದ ಪಾಪರ್ ಪ್ರಕಾರದಲ್ಲಿ, ಒಮ್ಮೆಯಾದರೂ ಕಾಮನ್ (ಸುಲಭವಾಗಿ ಸಿಗುವ) ದರ್ಜೆಯಲ್ಲಿ ಬಿಡುಗಡೆಯಾದ ಕಾರ್ಡುಗಳನ್ನು ಮಾತ್ರ ಬಳಸಬಹುದು. ದುಬಾರಿ ಕಾರ್ಡುಗಳ ಹಿಂದೆ ಬೀಳದೆ ಗಂಭೀರವಾಗಿ ಆಡಬಯಸುವ ನಮ್ಮಂಥವರಿಗೆ ಇದಕ್ಕಿಂತ ಒಳ್ಳೆಯ ಪ್ರಕಾರವಿಲ್ಲ. ತುಮಕೂರಿನ ಎಸ್‌ಐಟಿ ಬಡಾವಣೆಯ ಗೆಳೆಯರೊಬ್ಬರ ಮನೆಯಲ್ಲಿ ಸೇರುವ ನಮ್ಮ ಸಣ್ಣ ಗುಂಪಿನಲ್ಲಿ ನಾನು ಹಲವು ವರ್ಷಗಳಿಂದ ಹಸಿರು ಬಣ್ಣದ ಸ್ಟಾಂಪಿ ಡೆಕ್ಕನ್ನೇ, ಅಂದರೆ ಅಗ್ಗದ ಕ್ರೀಚರ್‌ಗಳಿಂದ (ಜೀವಿಗಳ ಕಾರ್ಡುಗಳಿಂದ) ವೇಗವಾಗಿ ದಾಳಿ ಮಾಡುವ ಕಾರ್ಡುಗಳ ಕಟ್ಟನ್ನೇ, ಆಡುತ್ತಿದ್ದೇನೆ. 60 ಕಾರ್ಡುಗಳ ಮುಖ್ಯ ಡೆಕ್ಕಿನ ಗುಣ ಕೆಲವೇ ವಾರಗಳಲ್ಲಿ ಅರ್ಥವಾಗುತ್ತದೆ; ಎದುರಾಳಿಯ ಡೆಕ್ ನೋಡಿ ಆಟಗಳ ನಡುವೆ ಬದಲಿಸಿಕೊಳ್ಳಲು ಪಕ್ಕಕ್ಕಿಡುವ 15 ಕಾರ್ಡುಗಳ ಸೈಡ್‌ಬೋರ್ಡಿನದು ಅಷ್ಟು ಬೇಗ ಅರ್ಥವಾಗುವುದಿಲ್ಲ. ಆದ್ದರಿಂದ ಈ ವಿಮರ್ಶೆಯ ಹೆಚ್ಚಿನ ಭಾಗ ಅದರ ಕುರಿತಾಗಿಯೇ ಇದೆ.

ಮುಖ್ಯ ಡೆಕ್ಕಿನಲ್ಲಿ ನಾನು 17 ಫಾರೆಸ್ಟ್ ಇಟ್ಟುಕೊಂಡಿದ್ದೇನೆ; ಬೇರೆ ಕಾರ್ಡುಗಳನ್ನು ಆಡಲು ತೆರುವ ಮಾನಾ ಎಂಬ ಶಕ್ತಿಯನ್ನು ಕೊಡುವ ಲ್ಯಾಂಡ್ ಕಾರ್ಡು ಅದು. ಅಷ್ಟು ಕಡಿಮೆ ಲ್ಯಾಂಡ್ ಸಾಲುವುದಕ್ಕೆ ಮುಖ್ಯ ಕಾರಣ ಕ್ವಿರಿಯನ್ ರೇಂಜರ್. ಟರ್ನಿಗೊಮ್ಮೆ ಒಂದು ಫಾರೆಸ್ಟನ್ನು ಕೈಗೆ ಹಿಂತೆಗೆದುಕೊಂಡು ಒಂದು ಕ್ರೀಚರನ್ನು ಅನ್‌ಟ್ಯಾಪ್ ಮಾಡುವ, ಅಂದರೆ ಬಳಸಿ ಅಡ್ಡ ತಿರುಗಿಸಿದ (ಟ್ಯಾಪ್ ಆದ) ಕಾರ್ಡನ್ನು ಮತ್ತೆ ಬಳಕೆಗೆ ಸಿದ್ಧಗೊಳಿಸುವ, ಸಾಮರ್ಥ್ಯ ಅದಕ್ಕಿದೆ. ಆ ಟರ್ನಿನ ಲ್ಯಾಂಡನ್ನು ಇನ್ನೂ ಇಳಿಸಿರದಿದ್ದರೆ, ಮೊದಲು ಫಾರೆಸ್ಟಿನಿಂದ ಮಾನಾ ಪಡೆದು, ಅದನ್ನು ಕೈಗೆ ತೆಗೆದುಕೊಂಡು, ಮತ್ತೆ ಇಳಿಸಿ ಇನ್ನೊಂದು ಮಾನಾ ಪಡೆಯಬಹುದು. ಅಂದರೆ ಒಂದೇ ಲ್ಯಾಂಡಿನಿಂದ ಟರ್ನಿಗೆ ಎರಡು ಮಾನಾ ದೊರೆಯುತ್ತದೆ. ಇದರ ಜೊತೆಗೆ ನೆಟಲ್ ಸೆಂಟಿನಲ್, ಯಂಗ್ ವುಲ್ಫ್, ಇಳಿದ ಕೂಡಲೇ ತನ್ನ ಬೆಲೆಯ ಎರಡು ಮಾನಾವನ್ನು ಹಿಂದಿರುಗಿಸುವ ಬರ್ನಿಂಗ್-ಟ್ರೀ ಎಮಿಸರಿ, ಹಾರುತ್ತಾ ಲೈಫ್ ತಂದುಕೊಡುವ ವಾಲ್ಟ್ ಸ್ಕರ್ಜ್ ಇವೆ. 20 ಲೈಫ್ ಇರುವ ಎದುರಾಳಿ ನೆಲೆ ನಿಲ್ಲುವ ಮೊದಲೇ ಪಂದ್ಯ ಮುಗಿಸುವುದು ಇವುಗಳೆಲ್ಲದರ ಉದ್ದೇಶ.

ರ‍್ಯಾಂಕರ್ ಕುರಿತು ಪ್ರತ್ಯೇಕವಾಗಿ ಹೇಳಲೇಬೇಕು, ಏಕೆಂದರೆ ಕ್ರೀಚರಿಗೆ ಅಂಟಿಸಿ ದಾಳಿಯ ಬಲ ಹೆಚ್ಚಿಸುವ ಅದು ಈ ಡೆಕ್ಕಿನಲ್ಲಿ ನನಗೆ ಅತ್ಯಂತ ಪ್ರಿಯವಾದ ಕಾರ್ಡು. ಕ್ರೀಚರ್ ಸತ್ತರೂ ರ‍್ಯಾಂಕರ್ ಕೈಗೆ ಮರಳುತ್ತದೆ. ಆದರೆ ಅದು ಮೇಜಿನ ಮೇಲಿನಿಂದ ಗ್ರೇವ್‌ಯಾರ್ಡಿಗೆ (ಬಳಸಿ ಮುಗಿದ ಕಾರ್ಡುಗಳ ರಾಶಿಗೆ) ಹೋದಾಗ ಮಾತ್ರ. ನಾವು ರ‍್ಯಾಂಕರ್ ಹಾಕಿದ ಕ್ಷಣದಲ್ಲೇ ಎದುರಾಳಿ ಹಾನಿ ಮಾಡುವ ಲೈಟ್ನಿಂಗ್ ಬೋಲ್ಟಿನಿಂದ ಆ ಕ್ರೀಚರನ್ನು ಕೊಂದರೆ ಎರಡೂ ಕಾರ್ಡುಗಳು ಹೋಗುತ್ತವೆ. ಎದುರಾಳಿಯ ಲ್ಯಾಂಡುಗಳೆಲ್ಲ ಟ್ಯಾಪ್ ಆಗಿರುವ ಟರ್ನಿಗಾಗಿ ಕಾಯುವ ತಾಳ್ಮೆ ಇರುವವರಿಗೆ ಈ ಕಾರ್ಡು ಕೊಡುವ ಫಲ ಅಪಾರ.

ಇನ್ನು ಸೈಡ್‌ಬೋರ್ಡಿನ ವಿಷಯ. ಒಳಗೆ ಏನು ಬರಬೇಕು ಎಂಬುದಕ್ಕಿಂತ ಹೊರಗೆ ಏನು ಹೋಗಬೇಕು ಎಂಬುದೇ ಇಲ್ಲಿ ಕಷ್ಟದ ಪ್ರಶ್ನೆ. ಮೊದಲ ಎರಡು ಟರ್ನಿನಲ್ಲಿ ಇಳಿಯುವ ಕ್ರೀಚರ್‌ಗಳನ್ನು ತೆಗೆದು ಆರೇಳು ಉತ್ತರಗಳನ್ನು ತುಂಬಿದರೆ, ಕೈಯಲ್ಲಿ ಉತ್ತರಗಳಿರುತ್ತವೆಯೇ ಹೊರತು ಮೇಜಿನ ಮೇಲೆ ದಾಳಿ ಮಾಡುವವರಿರುವುದಿಲ್ಲ. ನಾನು ಸಾಮಾನ್ಯವಾಗಿ ನಾಲ್ಕಕ್ಕಿಂತ ಹೆಚ್ಚು ಕಾರ್ಡುಗಳನ್ನು ಬದಲಿಸುವುದಿಲ್ಲ. ನೇರ ಹಾನಿಯ ಕಾರ್ಡುಗಳಿಂದ ಗೆಲ್ಲುವ ಬರ್ನ್ ಡೆಕ್ಕಿನ ಎದುರು, ಎರಡು ಲೈಫ್ ತೆತ್ತು ಬಳಸುವ ಮ್ಯೂಟಜೆನಿಕ್ ಗ್ರೋತ್ ಹೊರಗೆ ಹೋಗಿ ವೆದರ್ ದ ಸ್ಟಾರ್ಮ್ ಒಳಗೆ ಬರುತ್ತದೆ. ಅದೇ ಟರ್ನಿನಲ್ಲಿ ಮೊದಲು ಆಡಿದ ಪ್ರತಿಯೊಂದು ಸ್ಪೆಲ್ಲಿಗೂ (ಲ್ಯಾಂಡ್ ಅಲ್ಲದ ಕಾರ್ಡಿಗೂ), ಅದು ಎದುರಾಳಿಯದ್ದಾದರೂ, ಈ ಕಾರ್ಡಿನ ಒಂದು ನಕಲು ಹುಟ್ಟಿ ಮೂರು ಲೈಫ್ ಕೊಡುತ್ತದೆ. ಆದುದರಿಂದ ಅವರು ಒಂದೇ ಟರ್ನಿನಲ್ಲಿ ಎರಡು ಮೂರು ಸ್ಪೆಲ್ ಆಡಿದ ಬಳಿಕ, ಅವರ ಟರ್ನಿನಲ್ಲೇ ಇದನ್ನು ಆಡುವುದು ಲಾಭಕರ.

ಆರ್ಟಿಫ್ಯಾಕ್ಟುಗಳಿಂದ, ಅಂದರೆ ಉಪಕರಣಗಳ ಕಾರ್ಡುಗಳಿಂದ, ತುಂಬಿದ ಅಫಿನಿಟಿ ಡೆಕ್ಕಿಗೆ ಉತ್ತರವಾಗಿ ಗ್ಲೀಫುಲ್ ಸ್ಯಾಬೊಟಾಜ್ ಇದೆ. ಎರಡು ಹಸಿರು ಕ್ರೀಚರ್‌ಗಳನ್ನು ಟ್ಯಾಪ್ ಮಾಡಿದರೆ ಅದು ಎರಡು ಆರ್ಟಿಫ್ಯಾಕ್ಟುಗಳನ್ನು ನಾಶ ಮಾಡುತ್ತದೆ, ಮತ್ತು ಆಗಷ್ಟೇ ಇಳಿದ ಕ್ರೀಚರ್‌ಗಳನ್ನೂ ಇದಕ್ಕಾಗಿ ಟ್ಯಾಪ್ ಮಾಡಬಹುದೆಂಬ ಅಂಶವನ್ನು ಹಲವರು ಗಮನಿಸುವುದಿಲ್ಲ. 2021ರ ಮಾಡರ್ನ್ ಹರೈಜನ್ಸ್ 2 ಕಾರ್ಡು ಸರಣಿಯಲ್ಲಿ ಬಂದ ಬ್ರಿಡ್ಜ್ ಲ್ಯಾಂಡುಗಳು ಆರ್ಟಿಫ್ಯಾಕ್ಟುಗಳೇ ಆದರೂ ನಾಶವಾಗುವುದಿಲ್ಲ. ಗುರಿ ಆರಿಸುವಾಗ ಅದು ನೆನಪಿರಬೇಕು.

ಎಷ್ಟು ಪ್ರತಿಗಳನ್ನು ಇಡಬೇಕೆಂಬುದಕ್ಕೆ ಸರಳ ಗಣಿತ ಸಾಕು. ಎರಡನೆಯವರಾಗಿ ಆಡುವಾಗ ಮೂರನೆಯ ಟರ್ನಿನ ಹೊತ್ತಿಗೆ ನಾವು 10 ಕಾರ್ಡು ನೋಡಿರುತ್ತೇವೆ. 60ರಲ್ಲಿ ನಾಲ್ಕು ಪ್ರತಿಗಳಿದ್ದರೆ ಅಷ್ಟರೊಳಗೆ ಒಂದಾದರೂ ಸಿಗುವ ಸಂಭವ ಸುಮಾರು ಶೇಕಡಾ 53. ಎರಡೇ ಇದ್ದರೆ ಶೇಕಡಾ 31. ನಮ್ಮ ಗುಂಪಿನಲ್ಲಿ ಯಾರು ಯಾವ ಡೆಕ್ ತರುತ್ತಾರೆಂದು ಎಲ್ಲರಿಗೂ ತಿಳಿದಿರುವುದರಿಂದ ನಾನು ಸ್ಯಾಬೊಟಾಜಿನ ನಾಲ್ಕೂ ಪ್ರತಿಗಳನ್ನು ಇಡುತ್ತೇನೆ. ಬೆಂಗಳೂರಿಗೆ ಹೋಗಿ ಅಪರಿಚಿತರೊಡನೆ ಆಡುವ ದಿನ ಅವುಗಳಲ್ಲಿ ಎರಡನ್ನು ಬಿಟ್ಟು, ಗ್ರೇವ್‌ಯಾರ್ಡ್ ಅಳಿಸುವ ರೆಲಿಕ್ ಆಫ್ ಪ್ರೊಜೆನಿಟಸ್ ಸೇರಿಸುತ್ತೇನೆ.

ಈ ಡೆಕ್ಕಿನ ನಿಜವಾದ ದೌರ್ಬಲ್ಯ, ಇಡೀ ಮೇಜನ್ನು ಒಮ್ಮೆಲೇ ಗುಡಿಸುವ ಕಾರ್ಡುಗಳು. ಅವುಗಳಲ್ಲೂ ಕ್ರಿಪ್ಟ್ ರ‍್ಯಾಟ್ಸ್. ಕಪ್ಪು ಮಾನಾ ಸುರಿದಷ್ಟೂ ಅದು ಪ್ರತಿಯೊಂದು ಕ್ರೀಚರಿಗೂ ಇಬ್ಬರು ಆಟಗಾರರಿಗೂ ಹಾನಿ ಮಾಡುತ್ತದೆ. ಅದು ಯಾರನ್ನೂ ಗುರಿ ಮಾಡದ ಕಾರಣ ವೈನ್ಸ್ ಆಫ್ ವಾಸ್ಟ್‌ವುಡ್ ಕೊಡುವ ರಕ್ಷಣೆ ಅದರ ಎದುರು ಕೆಲಸ ಮಾಡುವುದಿಲ್ಲ. ಎರಡು ಮಾನಾ ತೆತ್ತಾಗ ಸಿಗುವ ಪ್ಲಸ್ ನಾಲ್ಕು ಬಲದಿಂದ ಒಂದು ಕ್ರೀಚರನ್ನು ಉಳಿಸಿಕೊಳ್ಳಬಹುದು, ಅಷ್ಟೇ. ಸತ್ತ ಯಂಗ್ ವುಲ್ಫ್ ಒಂದು ಕೌಂಟರಿನೊಂದಿಗೆ (ಬಲವನ್ನು ಒಂದರಷ್ಟು ಹೆಚ್ಚಿಸುವ ಗುರುತಿನೊಂದಿಗೆ) ಎದ್ದು ಬರುತ್ತದೆಯಾದರೂ, ಮೊದಲೇ ಅದರ ಮೇಲೆ ಪ್ಲಸ್ ಒಂದರ ಕೌಂಟರ್ ಇದ್ದರೆ ಏಳುವುದಿಲ್ಲ. ಆದ್ದರಿಂದ ಕಪ್ಪು ಡೆಕ್ಕುಗಳ ಎದುರು ಹಂಗರ್ ಆಫ್ ದ ಹೌಲ್‌ಪ್ಯಾಕಿನ ಕೌಂಟರುಗಳನ್ನು ನಾನು ತೋಳದ ಮೇಲೆ ಇಡುವುದಿಲ್ಲ. ಅಂಥ ಪಂದ್ಯಗಳಲ್ಲಿ ರಿವರ್ ಬೋವಾ ಸೇರಿಸಿ, ಅದನ್ನು ಪುನರುಜ್ಜೀವಿಸಲು ಒಂದು ಹಸಿರು ಮಾನಾ ಉಳಿಸಿಕೊಂಡು, ಮೇಜಿನ ಮೇಲೆ ಐದಾರು ಬಲದ ದಾಳಿ ಸಿದ್ಧವಾದ ಕೂಡಲೇ ಉಳಿದ ಕ್ರೀಚರ್‌ಗಳನ್ನು ಕೈಯಲ್ಲೇ ಹಿಡಿದಿರುತ್ತೇನೆ. ಇಷ್ಟೆಲ್ಲ ಮಾಡಿದರೂ, ರ‍್ಯಾಟ್ಸನ್ನು ಎರಡು ಸಲ ಕಂಡ ಪಂದ್ಯವನ್ನು ಗೆಲ್ಲುವುದು ವಿರಳ, ಏಕೆಂದರೆ ಹೊಸ ಕಾರ್ಡುಗಳನ್ನು ಎಳೆದು ಚೇತರಿಸಿಕೊಳ್ಳುವ ಶಕ್ತಿ ಈ ಡೆಕ್ಕಿಗಿಲ್ಲ. ನಿಮ್ಮ ಗುಂಪಿನಲ್ಲಿ ಕಪ್ಪು ಡೆಕ್ ಆಡುವವರೇ ಹೆಚ್ಚಿದ್ದರೆ ನಾನು ಇದನ್ನು ಶಿಫಾರಸು ಮಾಡಲಾರೆ. ನೀಲಿ ಫೇರಿಗಳನ್ನು ಆಡುವವರು ಹೆಚ್ಚಿದ್ದರೆ, ಹಾರುವ ಪ್ರತಿಯೊಂದು ಕ್ರೀಚರಿಗೂ ಒಂದು ಹಾನಿ ಮಾಡುವ ಸ್ಕ್ಯಾಟರ್‌ಶಾಟ್ ಆರ್ಚರಿನ ಮೂರು ಪ್ರತಿಗಳನ್ನು ಸೈಡ್‌ಬೋರ್ಡಿಗೆ ಸೇರಿಸಿ ಧೈರ್ಯವಾಗಿ ಕಟ್ಟಿಕೊಳ್ಳಿ.