ಈರುಳ್ಳಿ ಕೀಳುವ ಯಂತ್ರ: ಮೂರು ಬೆಳೆ ತೆಗೆದ ಮೇಲೆ ಬರೆಯುತ್ತಿದ್ದೇನೆ

ಚಳ್ಳಕೆರೆ ಕಡೆಯವನು ನಾನು. ಅಣ್ಣನದು, ನಮ್ಮದು, ಪಕ್ಕದ ಹೊಲದವರದು, ಮೂರು ಮನೆ ಸೇರಿ ತಲಾ 40,000 ಹಾಕಿ ಟ್ರ್ಯಾಕ್ಟರ್ ಹಿಂದೆ ಕಟ್ಟುವ ಈ ಯಂತ್ರ ತಂದೆವು. ನನ್ನೊಬ್ಬನ ನಾಲ್ಕು ಎಕರೆಗೆ ಆಗಿದ್ದರೆ ಕೈ ಹಾಕುತ್ತಿರಲಿಲ್ಲ. ಅಗಲ, ತೂಕ, ಎಚ್‌ಪಿ ಎಲ್ಲ ಅಂಗಡಿಯಲ್ಲೇ ಹೇಳುತ್ತಾರೆ. ಬ್ಲೇಡು ಎಷ್ಟು ಆಳಕ್ಕೆ ಹೋಗಬೇಕು ಅಂತ ಮಾತ್ರ ನಮಗೆ ಯಾರೂ ಹೇಳಲಿಲ್ಲ. ಮೊದಲ ವರ್ಷ ಅದಕ್ಕೇ ಪೆಟ್ಟು ತಿಂದೆವು.

ಹಸ್ತ ಮಳೆ ತಲೆ ಮೇಲಿತ್ತು. ಟ್ರ್ಯಾಕ್ಟರ್ ಎಳೆಯಲು ಕಷ್ಟಪಡುತ್ತಿದೆ ಅಂತ ಬ್ಲೇಡು ಸ್ವಲ್ಪ ಮೇಲೆತ್ತಿ ಓಡಿಸಿದೆವು. ಬ್ಲೇಡಿನ ಹಿಂದೆ ತಿರುಗುವ ಸರಳುಗಳ ಚೈನಿನ ಮೇಲೆ ಹೋಗುವಾಗ ಮಣ್ಣು ಉದುರಿ, ಗಡ್ಡೆಗಳು ಹಿಂದೆ ಸಾಲಾಗಿ ಬೀಳುವುದನ್ನು ನೋಡಿ ಖುಷಿಪಟ್ಟಿದ್ದೇ ಪಟ್ಟಿದ್ದು. ಸಂಜೆ ಆರಿಸಲು ಕೂತಾಗ ಗೊತ್ತಾಯಿತು, ಪ್ರತಿ ಬುಟ್ಟಿಯಲ್ಲೂ ನಾಲ್ಕೈದು ಗಡ್ಡೆಯ ತಳವೇ ಹಾರಿಹೋಗಿತ್ತು. ಅವನ್ನು ಬಿಸಾಡಿದೆವು, ಸರಿ. ಆದರೆ ಚೈನಿನ ಸರಳಿಗೆ ಬಡಿದ ಗಡ್ಡೆ ಹೊರಗಿನಿಂದ ಚೆನ್ನಾಗೇ ಕಾಣುತ್ತದೆ ಅಲ್ವಾ, ಅವೂ ಶೆಡ್ ಸೇರಿದವು. ಇಪ್ಪತ್ತು ದಿನಕ್ಕೆ ವಾಸನೆ ಶುರುವಾಯಿತು, ರಾಶಿಗೆ ಕೈ ಹಾಕಿದರೆ ಬೆರಳು ಒಳಗೇ ಇಳಿಯುತ್ತಿತ್ತು, ಒಂದು ಕೊಳೆತರೆ ಸುತ್ತಲಿನ ಹತ್ತನ್ನು ಕೆಡಿಸುತ್ತದೆ. ಹನ್ನೊಂದು ಚೀಲ ತಿಪ್ಪೆಗೆ ಹೋಯಿತು. ಯಂತ್ರ ಮಾರಿಬಿಡೋಣ ಅಂತ ಹಠ ಹಿಡಿದವನೂ ನಾನೇ.

ಅಣ್ಣ ಬಿಡಲಿಲ್ಲ. ಎರಡನೇ ವರ್ಷದಿಂದ ಬೆಳಿಗ್ಗೆ ಒಂದು ಕ್ರಮ ಇಟ್ಟುಕೊಂಡಿದ್ದೇವೆ. ಮೊದಲು ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಹಿಸುಕುತ್ತೇನೆ. ಉಂಡೆಯಾಗಿ ನಿಂತರೆ ಅವತ್ತು ಕೆಲಸವಿಲ್ಲ, ಮಣ್ಣು ಚೈನಿಗೆ ಮೆತ್ತಿಕೊಳ್ಳುತ್ತದೆ. ತೀರಾ ಒಣಗಿದ್ದರೂ ಆಗದು, ಹೆಂಟೆ ಎದ್ದು ಗಡ್ಡೆಗೇ ಬಡಿಯುತ್ತದೆ. ಆಮೇಲೆ ಮೂರು ಕಡೆ ಕೈಯಲ್ಲೇ ಕಿತ್ತು ನೋಡಿ, ಗಡ್ಡೆಯ ತಳಕ್ಕಿಂತ ಎರಡು ಬೆರಳು ಕೆಳಗೆ ಬ್ಲೇಡು ಹೋಗುವ ಹಾಗೆ ಟಾಪ್ ಲಿಂಕ್ (ಯಂತ್ರವನ್ನು ಟ್ರ್ಯಾಕ್ಟರಿಗೆ ಮೇಲುಗಡೆ ಜೋಡಿಸುವ ತಿರುಪಿನ ಕಂಬಿ) ತಿರುಗಿಸುತ್ತೇನೆ. ಹತ್ತು ಮಾರು ಓಡಿಸಿ ಇಳಿದು ಹಿಂದೆ ನಡೆಯುತ್ತೇನೆ. ಬರೀ ಹಸಿ ಮಣ್ಣಿನ ವಾಸನೆ ಬಂದರೆ ಮುಂದಕ್ಕೆ. ಈರುಳ್ಳಿ ಘಾಟು ಮೂಗಿಗೆ ಹತ್ತಿತೋ, ಬ್ಲೇಡು ಗಡ್ಡೆಗೆ ತಾಗಿದೆ ಅಂತಲೇ ಲೆಕ್ಕ. ಈಗ ಬುಟ್ಟಿ ತುಂಬಾ ಹುಡುಕಿದರೂ ತಳ ಕೊಯ್ದ ಗಡ್ಡೆ ಸಿಗುವುದು ಅಪರೂಪ.

ಇನ್ನೊಂದು, ಇದು ಸೊಪ್ಪು ಕೊಯ್ಯುವುದಿಲ್ಲ. ಎರಡು ಮೂರು ದಿನ ಹೊಲದಲ್ಲೇ ಬಾಡಿಸಿ, ಕತ್ತು ಒಂದು ಇಂಚು ಬಿಟ್ಟು ಕೊಯ್ಯಲು ಹೆಣ್ಣಾಳುಗಳು ಬೇಕೇ ಬೇಕು. ಕೂಲಿ ಪೂರ್ತಿ ಉಳಿಯುತ್ತದೆ ಅಂತ ತರಬೇಡಿ. ಆದರೆ ಮೊದಲು ಗಟ್ಟಿ ನೆಲದಲ್ಲಿ ಬಗ್ಗಿ ಎಳೆದರೆ ಸೊಪ್ಪು ಮಾತ್ರ ಕೈಗೆ ಬರುತ್ತಿತ್ತು, ಆಮೇಲೆ ಉಗುರಲ್ಲಿ ಕೆದಕಬೇಕಿತ್ತು. ನಮ್ಮ ಅತ್ತಿಗೆಗೆ ಈರುಳ್ಳಿ ಕಾಲ ಬಂತೆಂದರೆ ರಾತ್ರಿ ಸೊಂಟಕ್ಕೆ ಬಿಸಿನೀರಿನ ಬಟ್ಟೆ ತಪ್ಪುತ್ತಿರಲಿಲ್ಲ. ಈ ಸಲ ಬೇವಿನ ಮರದ ನೆರಳಲ್ಲಿ ಕೂತು ಕೊಯ್ದರು, ಒಂದು ದಿನವೂ ಬಿಸಿನೀರು ಕೇಳಲಿಲ್ಲ. ನನಗೆ ಹಾಕಿದ ದುಡ್ಡು ಅಲ್ಲೇ ಬಂದ ಹಾಗಾಯಿತು.

ಎರಡೇ ಎಕರೆ ಇರುವವರು ಸುಮ್ನೆ ಬಾಡಿಗೆಗೆ ಕರೆಸಿ. ಚೆಲ್ಲಿ ಬಿತ್ತಿದ ಹೊಲವಾದರೆ ಟ್ರ್ಯಾಕ್ಟರ್ ಗಾಲಿಗೇ ಅರ್ಧ ಗಡ್ಡೆ ಹೋಗುತ್ತದೆ, ಗಾಲಿಗೆ ಜಾಗ ಬಿಟ್ಟು ಸಾಲಲ್ಲಿ ಬಿತ್ತಿರಬೇಕು. ತಗೊಳ್ಳುವವರು ಸರಳಿಗೆ ರಬ್ಬರ್ ಹೊದಿಸಿದ್ದನ್ನೇ ಕೇಳಿ. ನಮ್ಮದಕ್ಕೆ ಇರಲಿಲ್ಲ, ಹಳೇ ಪೈಪು ಸೀಳಿ ಒಂದೊಂದು ಸರಳಿಗೂ ನಾವೇ ಸುತ್ತಿದ್ದೇವೆ.