ಎಂಟು ಕನ್ವರ್ಟರ್‌ಗಳನ್ನು ಹಂಚುವ ತಂತ್ರಾಂಶ: ನಾಲ್ಕು ವರ್ಷಗಳ ಬಳಕೆಯ ನಂತರ

ಬೆಂಗಳೂರಿನ ಸುದ್ದಿವಾಹಿನಿಯೊಂದರ ಎಂಸಿಆರ್‌ನಲ್ಲಿ (ಮಾಸ್ಟರ್ ಕಂಟ್ರೋಲ್ ರೂಮ್, ಅಂದರೆ ಪ್ರಸಾರ ನಿಯಂತ್ರಣ ಕೊಠಡಿ) ಯಾವ ವಿಡಿಯೊ ಸಿಗ್ನಲ್ ಎಲ್ಲಿಗೆ ಹೋಗಬೇಕೆಂದು ಬದಲಿಸುವ ರೂಟರಿನ ಈ ನಿಯಂತ್ರಣ ತಂತ್ರಾಂಶವನ್ನು ನಾಲ್ಕು ವರ್ಷಗಳಿಂದ ಬಳಸುತ್ತಿದ್ದೇನೆ. ನಮ್ಮ ಸ್ಟುಡಿಯೊ ನಡೆಯುವುದು 1080ಐ50 ಎಂಬ ಎಚ್‌ಡಿ ಫಾರ್ಮ್ಯಾಟ್‌ನಲ್ಲಿ, ಸೆಕೆಂಡಿಗೆ 25 ಫ್ರೇಮ್. ಹಳೆಯ ಟೇಪುಗಳಿಂದ ಬರುವುದು 576ಐ ಎಂಬ ಎಸ್‌ಡಿ ಚಿತ್ರ, ವಿದೇಶದ ಕೆಲವು ಫೀಡ್‌ಗಳು 59.94 ಎಂಬ ಬೇರೆಯೇ ದರದಲ್ಲಿ. ಪ್ರತಿ ಸೋರ್ಸಿಗೂ (ಸಿಗ್ನಲ್ ಬರುವ ಮೂಲಕ್ಕೂ) ಫಾರ್ಮ್ಯಾಟ್ ಬದಲಿಸುವ ಒಂದೊಂದು ಕನ್ವರ್ಟರ್ ಕೊಳ್ಳುವಷ್ಟು ಹಣವಿರಲಿಲ್ಲವಾದ್ದರಿಂದ, 8 ಕನ್ವರ್ಟರ್‌ಗಳ ಎರಡೂ ತುದಿಗಳನ್ನು ರೂಟರಿಗೇ ಜೋಡಿಸಿ, ಯಾವುದು ಯಾರಿಗೆ ಎಂಬ ತೀರ್ಮಾನವನ್ನು ತಂತ್ರಾಂಶಕ್ಕೆ ಬಿಟ್ಟೆವು.

ದಿನನಿತ್ಯದ ಕೆಲಸದಲ್ಲಿ ಅದರ ಬಗ್ಗೆ ದೂರಿಲ್ಲ. ಪ್ಯಾನೆಲ್ ಮೇಲೆ ಡೆಸ್ಟಿನೇಷನ್ (ಸಿಗ್ನಲ್ ಹೋಗಬೇಕಾದ ಜಾಗ) ಆರಿಸಿ ಸೋರ್ಸ್ ಒತ್ತಿದರೆ, ಫಾರ್ಮ್ಯಾಟ್ ಹೊಂದದಿದ್ದಾಗ ಖಾಲಿ ಇರುವ ಕನ್ವರ್ಟರೊಂದು ತಾನಾಗಿ ನಡುವೆ ಬಂದು ಸೇರುತ್ತದೆ. ಅದೇ ಫೀಡನ್ನು ಇನ್ನೊಂದು ಕಡೆಗೆ ಕೇಳಿದರೆ ಹೊಸದನ್ನು ಹಿಡಿಯದೆ, ಆಗಲೇ ಪರಿವರ್ತನೆಯಾದ ಸಿಗ್ನಲನ್ನೇ ಅಲ್ಲಿಗೂ ಕೊಡುತ್ತದೆ. ಮಾನಿಟರಿನ ಕೆಳಗೆ ಮೂಲ ಸೋರ್ಸಿನ ಹೆಸರೇ ಉಳಿಯುತ್ತದೆ. ನೇರಪ್ರಸಾರದ ನಡುವೆ "ಕನ್ವರ್ಟರ್ 5" ಎಂಬುದನ್ನು ನೋಡಿ ಅದು ಯಾವ ಊರಿನ ಫೀಡ್ ಎಂದು ಊಹಿಸಿ ಬೆವೆತವರಿಗೆ ಇದರ ಬೆಲೆ ಗೊತ್ತು.

ಕೊರತೆ ಬಯಲಾದದ್ದು 2023ರ ಮೇ 13ರಂದು, ವಿಧಾನಸಭೆ ಚುನಾವಣೆಯ ಮತ ಎಣಿಕೆಯ ಬೆಳಿಗ್ಗೆ. ಎಣಿಕೆ ಕೇಂದ್ರವೊಂದರಿಂದ 720ಪಿಯಲ್ಲಿ ಬಂದ ಫೀಡನ್ನು, ಪ್ರಸಾರದ ಚಿತ್ರವನ್ನು ಆರಿಸುವ ಸ್ವಿಚರಿಗೆ ಕೊಡಲು ಹೋದರೆ ಬಟನ್ ಕೆಂಪಾಗಿ ಸುಮ್ಮನಾಯಿತು. ಹುಡುಕಿದಾಗ, ರಾತ್ರಿಯೇ ಕೆಲಸ ಮುಗಿಸಿದ್ದ ರೆಕಾರ್ಡಿಂಗ್ ಸರ್ವರಿನ ಮೂರು ಪೋರ್ಟ್‌ಗಳು ಮೂರು ಕನ್ವರ್ಟರ್‌ಗಳನ್ನು ಹಿಡಿದು ಕೂತಿದ್ದವು. ಬೇರೆ ಸೋರ್ಸ್ ಕೊಡುವ ತನಕ ತಂತ್ರಾಂಶ ಅವನ್ನು ಬಿಡಿಸುವುದಿಲ್ಲ. ಯಾರೂ ಬದಲಿಸದಂತೆ ಪೋರ್ಟಿಗೆ ಲಾಕ್ ಹಾಕಿದ್ದರಂತೂ ಕೇಳುವುದೇ ಬೇಡ. ಪ್ರಸಾರಕ್ಕೆ ಹೋಗುವ ಡೆಸ್ಟಿನೇಷನ್‌ಗಳಿಗೆ ಆದ್ಯತೆ ಕೊಡುವ, ಎರಡು ಕನ್ವರ್ಟರ್‌ಗಳನ್ನು ಅವಕ್ಕೆಂದೇ ಕಾಯ್ದಿರಿಸುವ ಸೌಲಭ್ಯ ಮೊದಲಿನಿಂದಲೂ ಇತ್ತು, ಆದರೆ ಅಳವಡಿಸಲು ಬಂದವರು ಅದನ್ನು ನಮಗೆ ತೋರಿಸಿರಲೇ ಇಲ್ಲ.

ಇನ್ನೊಂದು ವಿಷಯವನ್ನು ನಾವೇ ಕಂಡುಕೊಂಡೆವು. ಎಂಟರಲ್ಲಿ ಎರಡು ಮಾತ್ರ ಫ್ರೇಮ್ ದರವನ್ನೂ ಬದಲಿಸಬಲ್ಲವು. ಪಟ್ಟಿಯಲ್ಲಿ ಮೊದಲು ಸಿಕ್ಕಿದ್ದನ್ನು ಎತ್ತಿಕೊಳ್ಳುವ ತಂತ್ರಾಂಶ, 576ಐ ಟೇಪಿನಂಥ ಸಣ್ಣ ಕೆಲಸಕ್ಕೂ ಆ ದುಬಾರಿ ಎರಡನ್ನೇ ಸವೆಸುತ್ತಿತ್ತು. ಪಟ್ಟಿಯನ್ನು ತಿರುಗಿಸಿ ಸರಳವಾದವನ್ನು ಮೇಲಕ್ಕೆ ತಂದ ಮೇಲೆ ಆ ಕಾಟ ತಪ್ಪಿತು. ಫ್ರೇಮ್ ದರ ಬದಲಿಸುವಾಗ ಚಿತ್ರ ಒಂದೆರಡು ಫ್ರೇಮ್, ಅಂದರೆ 40ರಿಂದ 80 ಮಿಲಿಸೆಕೆಂಡ್ ತಡವಾಗುವುದರಿಂದ, ಬೇರೆ ದಾರಿಯಲ್ಲಿ ಬರುವ ಆಡಿಯೊವನ್ನು ಇಂದಿಗೂ ಕೈಯಾರೆ ಹೊಂದಿಸುತ್ತೇವೆ.

ಹೊಸದಾಗಿ ಕೊಳ್ಳುವುದಿದ್ದರೂ ಇದನ್ನೇ ಕೊಳ್ಳುತ್ತೇನೆ. ಆದರೆ ಖಾಲಿ ಇರುವ ಕೊನೆಯ ಕನ್ವರ್ಟರೂ ಬಳಕೆಗೆ ಹೋಗುವ ಮುನ್ನ ಎಚ್ಚರಿಸುವ ವ್ಯವಸ್ಥೆ ಇನ್ನೂ ಬಂದಿಲ್ಲ; ಅಲ್ಲಿಯ ತನಕ ಪ್ರತಿ ಪಾಳಿಯ ಕೊನೆಗೆ ರೆಕಾರ್ಡಿಂಗ್ ಪೋರ್ಟ್‌ಗಳಿಗೆ ಬ್ಲ್ಯಾಕ್ (ಬರಿಯ ಕಪ್ಪು ಚಿತ್ರ) ಕೊಟ್ಟು ಕನ್ವರ್ಟರ್ ಬಿಡಿಸಿ, ಲಾಗ್ ಪುಸ್ತಕದಲ್ಲಿ ಸಹಿ ಹಾಕುತ್ತೇವೆ.